ಒಂದು ತಿಳಿಸಾರು, ಒಂದು ಹಳೆಯ ಪ್ರಶ್ನೆ

ನಮ್ಮೂರಿನಲ್ಲಿ ಆರಿದ್ರೆಯ ಮಳೆ ಹಿಡಿದುಕೊಂಡಿದೆ. ಇಂತಹ ಸಂಜೆಗಳಲ್ಲಿ ನಮ್ಮ ಮನೆಯ ಒಲೆಯ ಮೇಲೆ ಈಗ ಕೆಲವು ವರ್ಷಗಳಿಂದ ಒಂದು ತಿಳಿಸಾರು ಸಿದ್ಧವಾಗುತ್ತದೆ. ಅದಕ್ಕೆ ಬೇಳೆಯಿಲ್ಲ, ಹುಣಿಸೆಯಿಲ್ಲ, ಸಾರಿನ ಪುಡಿಯಿಲ್ಲ, ಒಗ್ಗರಣೆಯೂ ಇಲ್ಲ. ಮೊದಲ ದಿನ ಬಡಿಸಿದಾಗ ನಮ್ಮ ಯಜಮಾನರು ಬಟ್ಟಲನ್ನು ಬೆಳಕಿಗೆ ಹಿಡಿದು ನೋಡಿ, "ಇದು ತರಕಾರಿ ತೊಳೆದ ನೀರೋ, ಬೇಯಿಸಿದ ನೀರೋ?" ಎಂದು ಕೇಳಿದ್ದರು. ಈಗ ಎರಡನೆಯ ಬಟ್ಟಲಿಗೆ ಅವರೇ ಕೈ ನೀಡುತ್ತಾರೆ. ಇದರ ಹೆಸರು ಕೆಂಚಿನ್ ಜಿರು. ಜಪಾನೀ ಭಾಷೆಯಲ್ಲಿ 'ಜಿರು' ಎಂದರೆ ಸಾರು ಎಂದೇ ಅರ್ಥ.

ಕಳೆದ ತಿಂಗಳು ತಂಗಿಯ ಮನೆಯ ಮದುವೆಯಲ್ಲಿ ಸೇರಿದ್ದ ಬಂಧುಗಳಲ್ಲಿ ಹಲವರು ಇದನ್ನು ಮಾಡುವ ವಿಧಾನವನ್ನು ಬರೆದು ತಿಳಿಸುವಂತೆ ಕೇಳಿದ್ದರು. ಬರೆಯುತ್ತೇನೆಂದು ಮಾತು ಕೊಟ್ಟೆ. ಆದರೆ ಬರೆಯಲು ಕುಳಿತಾಗ, ಈ ಸಾರಿನ ಕಥೆಯನ್ನು ಹೇಳಬೇಕಾದರೆ ಅದರೊಂದಿಗೆ ನಾನು ತರಗತಿಯಲ್ಲಿ ಮಾಡಿದ ಒಂದು ತಪ್ಪನ್ನೂ ಹೇಳಲೇಬೇಕು ಎನಿಸಿತು. ಇದನ್ನು ಓದುವವರಲ್ಲಿ ನನ್ನ ಹಳೆಯ ವಿದ್ಯಾರ್ಥಿಗಳೇ ಹೆಚ್ಚಾಗಿರುವುದರಿಂದ, ಅದು ನಿಮಗೆ ಸಲ್ಲಬೇಕಾದ ಮಾತೂ ಹೌದು.

ನಾನು ನಿವೃತ್ತಳಾದದ್ದು 2017ರಲ್ಲಿ. ಮರುವರ್ಷ ಅಕ್ಟೋಬರಿನಲ್ಲಿ ಮಗಳು ಮತ್ತು ಅಳಿಯ ಇದ್ದ ಯೊಕೊಹಾಮಾ ನಗರಕ್ಕೆ ಎರಡು ತಿಂಗಳ ಮಟ್ಟಿಗೆ ಹೋಗಿದ್ದೆ. ಹೊರಡುವಾಗ ನನ್ನ ಪೆಟ್ಟಿಗೆಯಲ್ಲಿ ಸೀರೆಗಳಿಗಿಂತ ಹೆಚ್ಚಾಗಿ ಸಾರಿನ ಪುಡಿ, ಚಟ್ನಿಪುಡಿ, ಹುಣಿಸೆಹಣ್ಣುಗಳೇ ಇದ್ದವು ಎಂದು ಹೇಳಿಕೊಳ್ಳಲು ಸಂಕೋಚವಿಲ್ಲ. ಮೀನು ಮಾಂಸ ತಿನ್ನದ ಮನೆಯಲ್ಲಿ ಹುಟ್ಟಿ ಬೆಳೆದವಳು ನಾನು. ಅಷ್ಟೇ ಅಲ್ಲ, ನಮ್ಮ ತವರಿನಲ್ಲಿ ಈರುಳ್ಳಿಗೂ ಅಣಬೆಗೂ ಒಳಗೆ ಪ್ರವೇಶವಿರಲಿಲ್ಲ. ಜಪಾನಿನಲ್ಲಿ ನೋಡಲು ಶುದ್ಧ ತರಕಾರಿಯಂತೆ ಕಾಣುವ ಸಾರಿನ ತಳದಲ್ಲಿಯೂ ಬಹುಮಟ್ಟಿಗೆ ಮೀನು ಇರುತ್ತದೆ. ಒಣಗಿಸಿ ಹೊಗೆಯಾಡಿಸಿದ ಬೊನಿಟೊ ಎಂಬ ಮೀನನ್ನು ಕಟ್ಟಿಗೆಯ ಹೊಟ್ಟಿನಂತೆ ತೆಳ್ಳಗೆ ಹೆರೆದು ಬಿಸಿನೀರಿಗೆ ಹಾಕಿ ತೆಗೆದ ರಸವೇ ಅವರ ಅಡುಗೆಯ ಬುನಾದಿ. ಅದಕ್ಕೆ 'ದಾಶಿ' ಎನ್ನುತ್ತಾರೆ. ಹೀಗಾಗಿ ಮೊದಲ ಎರಡು ವಾರ ನಾನು ಹೊರಗೆ ಹಣ್ಣು ಮತ್ತು ಬ್ರೆಡ್ಡಿನ ಮೇಲೆಯೇ ದಿನ ದೂಡಿದೆ.

ಒಂದು ಭಾನುವಾರ ಮಗಳು ನನ್ನನ್ನು ಕಾಮಾಕುರಾಕ್ಕೆ ಕರೆದೊಯ್ದಳು. ಯೊಕೊಹಾಮಾದಿಂದ ರೈಲಿನಲ್ಲಿ ಅರ್ಧ ಗಂಟೆಯ ದಾರಿ. ಅಲ್ಲಿ 1253ರಲ್ಲಿ ಸ್ಥಾಪನೆಯಾದ ಕೆಂಚೋಜಿ ಎಂಬ ಝೆನ್ ಮಠವಿದೆ. ಅದನ್ನು ಸ್ಥಾಪಿಸಿದ ರಾಂಕೆಯ್ ದೋರ್ಯೂ ಎಂಬ ಭಿಕ್ಷು ಚೀನಾದಿಂದ ಬಂದವರು. ಅಂಗಳದಲ್ಲಿ ಕಾಂಡ ತಿರುಚಿಕೊಂಡ ಮುದಿ ಜುನಿಪರ್ ಮರಗಳಿವೆ. ಅವರು ತಂದ ಬೀಜಗಳಿಂದಲೇ ಅವು ಬೆಳೆದವೆಂಬ ನಂಬಿಕೆ ಅಲ್ಲಿಯದು. ಕೆಂಚಿನ್ ಜಿರು ಈ ಮಠದ ಅಡುಗೆಮನೆಯಲ್ಲಿ ಹುಟ್ಟಿತು, ಕೆಂಚೋಜಿಯ ಸಾರು ಎಂಬುದೇ ಬಾಯಿಂದ ಬಾಯಿಗೆ ಹೋಗಿ ಕೆಂಚಿನ್ ಜಿರು ಆಯಿತು ಎಂದು ಹೇಳುತ್ತಾರೆ. ಎಳೆಯ ಭಿಕ್ಷುವೊಬ್ಬ ಸೋಯಾ ಗಿಣ್ಣನ್ನು, ಅಂದರೆ ತೋಫುವನ್ನು, ಕೈಜಾರಿ ನೆಲಕ್ಕೆ ಬೀಳಿಸಿದನಂತೆ. ಗುರುಗಳು ಗದರದೆ ಆ ಚೂರುಗಳನ್ನು ಆಯ್ದು ತೊಳೆದು ಸಾರಿಗೆ ಹಾಕಿದರಂತೆ. ಇಂದಿಗೂ ಈ ಸಾರಿಗೆ ತೋಫುವನ್ನು ಚಾಕುವಿನಿಂದ ಕತ್ತರಿಸದೆ ಕೈಯಿಂದಲೇ ಮುರಿದು ಹಾಕುವುದು ವಾಡಿಕೆ. ಕಥೆ ನಿಜವೋ ಅಲ್ಲವೋ, ಗದರದ ಗುರುವಿನ ಚಿತ್ರ ಮಾತ್ರ ನನ್ನ ಮನಸ್ಸಿನಲ್ಲಿ ನಿಂತಿತು. ಏಕೆಂಬುದು ಮುಂದೆ ತಿಳಿಯುತ್ತದೆ.

ಮಠದ ಅಡುಗೆಯಲ್ಲಿ ಮೀನಿಲ್ಲ. ಹಾಗಾದರೆ ದಾಶಿ ಹೇಗೆ? ಈ ಪ್ರಶ್ನೆಗೆ ಉತ್ತರ ಕೊಟ್ಟವರು ಮಗಳ ಮನೆಯ ಪಕ್ಕದ ವೃದ್ಧೆ. ನನಗೆ ಅವರ ಭಾಷೆ ಬಾರದು, ಅವರಿಗೆ ನನ್ನದು ಬಾರದು. ನಡುವೆ ಮಗಳು ದುಭಾಷಿ. ಅವರು ಹಿಂದಿನ ರಾತ್ರಿಯೇ ಎರಡು ಪಾತ್ರೆಗಳಲ್ಲಿ ತಣ್ಣೀರಿಟ್ಟು, ಒಂದರಲ್ಲಿ ಕೊಂಬು ಎಂಬ ಒಣ ಕಡಲಪಾಚಿಯ ಪಟ್ಟಿಯನ್ನೂ (ನಮ್ಮ ಕೊಂಬಿಗೂ ಇದಕ್ಕೂ ಸಂಬಂಧವಿಲ್ಲ), ಇನ್ನೊಂದರಲ್ಲಿ ಶಿಟಾಕೆ ಎಂಬ ಒಣ ಅಣಬೆಯನ್ನೂ ನೆನೆಹಾಕಿದ್ದರು. ಅಣಬೆ ಎಂದು ಕೇಳಿ ನಾನು ಹಿಂಜರಿದೆ. ಆದರೆ ಎಂಬತ್ತರ ಹತ್ತಿರದ ಆ ಮುದುಕಿ ನನಗಾಗಿ ಮಾಡಿದ್ದನ್ನು ಬೇಡವೆನ್ನುವ ಧೈರ್ಯ ನನಗಾಗಲಿಲ್ಲ.

ಆಕೆ ನನ್ನ ಮುಂದೆ ಮೂರು ಪುಟ್ಟ ಬಟ್ಟಲುಗಳನ್ನಿಟ್ಟರು. ಮೊದಲನೆಯದರಲ್ಲಿ ಕಡಲಪಾಚಿಯ ರಸ. ಕುಡಿದೆ, ಮಳೆಗಾಲದ ಹೊಳೆಯ ನೀರಿನಂತೆ ಏನೋ ಇತ್ತು, ಏನೆಂದು ಹೇಳಲಾಗದು. ಎರಡನೆಯದರಲ್ಲಿ ಅಣಬೆಯ ರಸ. ಮಣ್ಣಿನ ವಾಸನೆ, ರುಚಿ ಅಷ್ಟಕ್ಕಷ್ಟೇ. ಮೂರನೆಯದು ಎರಡರ ಮಿಶ್ರಣ. ಅದರಲ್ಲಿ ಉಪ್ಪು ಒಂದು ಕಾಳೂ ಇರಲಿಲ್ಲ. ಆದರೂ ಒಂದು ಗುಟುಕಿಗೆ ನನ್ನ ಬಾಯಿ ತುಂಬಿಕೊಂಡಿತು; ನಾಲಿಗೆಯ ಮೇಲೆಲ್ಲ ಒಂದು ಹದವಾದ ಭಾರ ಹರಡಿ ಬಹಳ ಹೊತ್ತು ಉಳಿಯಿತು. ಸಿಹಿಯಲ್ಲ, ಹುಳಿಯಲ್ಲ, ಉಪ್ಪಲ್ಲ, ಕಹಿಯಲ್ಲ. ಹಾಗೆಂದು ಅಪರಿಚಿತವೂ ಅಲ್ಲ. ಚೆನ್ನಾಗಿ ಹಣ್ಣಾದ ಟೊಮೆಟೊ ಹಾಕಿ ಕುದಿಸಿದ ಸಾರಿನಲ್ಲಿ ಹುಳಿಯ ಹಿಂದೆ ಅಡಗಿ ಕುಳಿತಿರುವ ಒಂದು ರುಚಿಯಿದೆಯಲ್ಲ, ಅದು ಇಲ್ಲಿ ಒಂಟಿಯಾಗಿ ಎದುರಿಗೆ ನಿಂತಿತ್ತು. ವೃದ್ಧೆ ನಕ್ಕು ಒಂದೇ ಒಂದು ಪದ ಹೇಳಿದರು: "ಉಮಾಮಿ."

"ಐದನೆಯ ರುಚಿ ಅಮ್ಮ, ನಿನಗೆ ಗೊತ್ತಿರಬೇಕಲ್ಲ, ನೀನು ವಿಜ್ಞಾನದ ಟೀಚರು," ಎಂದಳು ಮಗಳು.

ಆ ಕ್ಷಣದಲ್ಲಿ ನನಗೆ ನೆನಪಾದದ್ದು 1986ರ ಮಳೆಗಾಲದ ಒಂದು ತರಗತಿ.

ಬಿ.ಎಡ್. ಮುಗಿಸಿ ಕೆಲಸಕ್ಕೆ ಸೇರಿ ನಾಲ್ಕು ವರ್ಷವಾಗಿತ್ತು. ಮಲೆನಾಡಿನ ಒಂದು ಹಳ್ಳಿಯ ಪ್ರೌಢಶಾಲೆ. ಹೆಂಚಿನ ಮೇಲೆ ಮಳೆ ಸುರಿಯುವಾಗ ಗಂಟಲು ಹರಿದುಕೊಂಡು ಪಾಠ ಮಾಡಬೇಕಾದ ಕಾಲ. ಎಂಟನೆಯ ತರಗತಿಗೆ ಅಂದು ಜ್ಞಾನೇಂದ್ರಿಯಗಳ ಪಾಠ. ಕರಿಹಲಗೆಯ ಮೇಲೆ ಬಣ್ಣದ ಸೀಮೆಸುಣ್ಣಗಳಿಂದ ನಾಲಿಗೆಯ ದೊಡ್ಡ ಚಿತ್ರ ಬರೆದಿದ್ದೆ. ತುದಿಯಲ್ಲಿ ಸಿಹಿ, ಅದರ ಪಕ್ಕ ಉಪ್ಪು, ಅಂಚುಗಳಲ್ಲಿ ಹುಳಿ, ಹಿಂಭಾಗದಲ್ಲಿ ಕಹಿ. ಆ ಚಿತ್ರ ನಿಮ್ಮಲ್ಲಿ ಎಷ್ಟೋ ಮಂದಿಯ ನೋಟುಪುಸ್ತಕಗಳಲ್ಲಿ ಇದ್ದೀತು. "ರುಚಿಗಳು ನಾಲ್ಕೇ," ಎಂದು ನಾನು ಸಾರಿ ಹೇಳಿದೆ.

ಹಿಂದಿನ ಬೆಂಚಿನಿಂದ ಒಬ್ಬ ಹುಡುಗ ಎದ್ದು ನಿಂತ. ಸಾಮಾನ್ಯವಾಗಿ ಮಾತನಾಡದವನು. "ಮೇಡಂ, ಅಣಬೆ ಸಾರಿನ ರುಚಿ ಈ ನಾಲ್ಕರಲ್ಲಿ ಯಾವುದು?"

ಮಲೆನಾಡಿನವರಿಗೆ ಹೇಳಬೇಕಾಗಿಲ್ಲ. ಮೊದಲ ಗುಡುಗು ಮಳೆ ಬಿದ್ದ ಮೇಲೆ ಹುತ್ತದ ಮಣ್ಣಿನಲ್ಲಿ ಅಣಬೆ ಏಳುತ್ತದೆ. ಗುರುತು ಬಲ್ಲವರು ನಸುಕಿನಲ್ಲಿಯೇ ಹೋಗಿ ಕಿತ್ತು ತರುತ್ತಾರೆ. ಆ ಹುಡುಗ ಹಿಂದಿನ ರಾತ್ರಿ ಉಂಡದ್ದನ್ನು ನನ್ನ ಚಿತ್ರಕ್ಕೆ ಹೋಲಿಸಿ ನೋಡಿ, ಅದು ಎಲ್ಲಿಯೂ ಹೊಂದದೆ ಹೋದದ್ದರಿಂದ ಕೇಳಿದ್ದ. ವಿಜ್ಞಾನ ಎಂದರೆ ಇದಕ್ಕಿಂತ ಬೇರೆ ಏನಿದೆ? ಆದರೆ ನಾನು ಹೇಳಿದ್ದೇನು? "ಉಪ್ಪು ಹಾಕಿದರೆ ಉಪ್ಪು, ಹುಳಿ ಹಾಕಿದರೆ ಹುಳಿ. ಕಾಡಿನಲ್ಲಿ ಕಂಡಕಂಡದ್ದನ್ನೆಲ್ಲ ತಿಂದು ಬಂದು ತರಗತಿಯಲ್ಲಿ ಹೇಳಬೇಡ. ಕುಳಿತುಕೋ." ತರಗತಿ ಗೊಳ್ಳೆಂದು ನಕ್ಕಿತು. ಹುಡುಗ ಕುಳಿತ. ಮತ್ತೆ ಮೂರು ವರ್ಷಗಳಲ್ಲಿ ಅವನು ನನ್ನನ್ನು ಒಂದೇ ಒಂದು ಪ್ರಶ್ನೆ ಕೇಳಿದ ನೆನಪು ನನಗಿಲ್ಲ.

ಊರಿಗೆ ಮರಳಿದ ಮೇಲೆ ನಾನು ಓದತೊಡಗಿದೆ. ಓದಿದಷ್ಟೂ ನಾಚಿಕೆಯಾಯಿತು. ಟೋಕಿಯೋ ಸಾಮ್ರಾಜ್ಯ ವಿಶ್ವವಿದ್ಯಾಲಯದಲ್ಲಿ ರಸಾಯನಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಇಕೆಡಾ ಕಿಕುನೇ ಎಂಬವರಿಗೂ ಇದೇ ಪ್ರಶ್ನೆ ಎದುರಾಗಿತ್ತು. ಕಡಲಪಾಚಿಯ ಸಾರಿನ ರುಚಿ ಪರಿಚಿತವಾದ ನಾಲ್ಕರಲ್ಲಿ ಯಾವುದೂ ಅಲ್ಲವಲ್ಲ ಎಂದು ಅವರು ಅದನ್ನು ಪ್ರಯೋಗಶಾಲೆಗೆ ಒಯ್ದರು. 1908ರಲ್ಲಿ ಅದರಿಂದ ಗ್ಲುಟಮಿಕ್ ಆಮ್ಲವನ್ನು ಬೇರ್ಪಡಿಸಿ, ಆ ರುಚಿಗೆ ಉಮಾಮಿ ಎಂದು ಹೆಸರಿಟ್ಟರು. ಅದರ ಲವಣವೇ ಮರುವರ್ಷ ಮಾರುಕಟ್ಟೆಗೆ ಬಂದ ಅಜಿನೊಮೊಟೊ. ನಮ್ಮ ಪೇಟೆಗಳಲ್ಲಿ ಗೋಬಿ ಮಂಚೂರಿ ಮಾಡುವವರ ಕೈಗೂಡೆಯಲ್ಲಿ ಇರುವ ಆ ಬಿಳಿಯ ಹರಳು. 1957ರಲ್ಲಿ ಕುನಿನಾಕಾ ಅಕಿರಾ ಎಂಬ ವಿಜ್ಞಾನಿ ಒಣ ಶಿಟಾಕೆಯ ರುಚಿಗೆ ಗ್ವಾನಿಲೇಟ್ ಎಂಬ ಬೇರೆಯೇ ವಸ್ತು ಕಾರಣವೆಂದು ಕಂಡುಕೊಂಡರು. ಗ್ಲುಟಮೇಟ್ ಮತ್ತು ಗ್ವಾನಿಲೇಟ್ ಒಂದಾದಾಗ ರುಚಿ ಕೂಡುವುದಿಲ್ಲ, ಅನೇಕ ಪಟ್ಟು ಹೆಚ್ಚುತ್ತದೆ. ವೃದ್ಧೆಯ ಮೂರನೆಯ ಬಟ್ಟಲಿನ ಗುಟ್ಟು ಇದೇ.

ಇಕೆಡಾರ ಲೇಖನ ಜಪಾನೀ ಭಾಷೆಯಲ್ಲಿತ್ತು. ಅದರ ಇಂಗ್ಲಿಷ್ ಅನುವಾದ ವೈಜ್ಞಾನಿಕ ಪತ್ರಿಕೆಯೊಂದರಲ್ಲಿ ಪ್ರಕಟವಾದದ್ದು 2002ರಲ್ಲಿ. ನಾಲಿಗೆಯಲ್ಲಿ ಈ ರುಚಿಯನ್ನು ಗುರುತಿಸುವ ಗ್ರಾಹಕಗಳು ಪತ್ತೆಯಾದದ್ದೂ ಅದೇ ಸುಮಾರಿಗೆ, 2000 ಮತ್ತು 2002ರಲ್ಲಿ. ಇನ್ನು ನಾನು ಅಷ್ಟು ಅಂದವಾಗಿ ಬರೆದಿದ್ದ ನಾಲಿಗೆಯ ನಕ್ಷೆ? ಹೇನಿಗ್ ಎಂಬ ಜರ್ಮನ್ ಸಂಶೋಧಕ 1901ರಲ್ಲಿ ಕಂಡದ್ದು ಭಾಗಭಾಗಗಳ ನಡುವಿನ ಅಲ್ಪಸ್ವಲ್ಪ ವ್ಯತ್ಯಾಸವನ್ನು ಮಾತ್ರ. 1942ರಲ್ಲಿ ಎಡ್ವಿನ್ ಬೋರಿಂಗ್ ಎಂಬ ಮನಃಶಾಸ್ತ್ರಜ್ಞರ ಪುಸ್ತಕದಲ್ಲಿ ಬಂದ ರೇಖಾಚಿತ್ರದಿಂದ ಆ ವ್ಯತ್ಯಾಸ ಬಹು ದೊಡ್ಡದೆಂಬ ತಪ್ಪು ಕಲ್ಪನೆ ಹರಡಿತು. 1974ರಲ್ಲಿ ವರ್ಜೀನಿಯಾ ಕಾಲಿಂಗ್ಸ್ ಮತ್ತೆ ಪರೀಕ್ಷಿಸಿ, ವ್ಯತ್ಯಾಸ ತೀರ ಕಡಿಮೆ, ನಾಲಿಗೆಯ ಎಲ್ಲ ಕಡೆಯೂ ಎಲ್ಲ ರುಚಿಯೂ ತಿಳಿಯುತ್ತದೆ ಎಂದು ತೋರಿಸಿದರು. ನಾನು ಕರಿಹಲಗೆಯ ಮೇಲೆ ಬಣ್ಣ ತುಂಬುವ 12 ವರ್ಷಗಳ ಮೊದಲೇ ಆ ನಕ್ಷೆ ಬಿದ್ದುಹೋಗಿತ್ತು. ಪುಸ್ತಕ ತಪ್ಪಿದ್ದಕ್ಕೆ ನಾನು ಹೊಣೆಯಲ್ಲ, ನಿಜ. ಆದರೆ ನಾಲಿಗೆಯ ತುದಿಗೆ ಒಂದು ಹರಳು ಉಪ್ಪು, ಹಿಂಭಾಗಕ್ಕೆ ಒಂದು ಹರಳು ಸಕ್ಕರೆ ಇಟ್ಟು ನೋಡಿದ್ದರೆ ಸಾಕಿತ್ತು. ಅದನ್ನು ನಾನೂ ಮಾಡಲಿಲ್ಲ, ಮಕ್ಕಳಿಂದಲೂ ಮಾಡಿಸಲಿಲ್ಲ. ರುಚಿಗಳು ನಾಲ್ಕಲ್ಲ, ಆರು ಎಂದು ಷಡ್ರಸಗಳನ್ನು ಎಣಿಸುತ್ತಿದ್ದ ನನ್ನ ಅಜ್ಜಿಯನ್ನೂ ನೆನೆಯಲಿಲ್ಲ.

ಓದುತ್ತಾ ಇನ್ನೊಂದು ಪ್ರಸಂಗ ಸಿಕ್ಕಿತು. ದೋಗೆನ್ ಎಂಬ ಝೆನ್ ಗುರುಗಳು 1237ರಲ್ಲಿ ಮಠದ ಅಡುಗೆಯವರಿಗಾಗಿ ಒಂದು ಪುಸ್ತಕ ಬರೆದರು. ಅದರಲ್ಲಿ ತಮ್ಮದೇ ಮುಜುಗರವೊಂದನ್ನು ಹೇಳಿಕೊಂಡಿದ್ದಾರೆ. 1223ರಲ್ಲಿ, ತಮ್ಮ 23ರ ಹರೆಯದಲ್ಲಿ, ಅವರು ಚೀನಾದ ಬಂದರಿನಲ್ಲಿ ಹಡಗಿನಲ್ಲಿಯೇ ತಂಗಿದ್ದಾಗ 61 ವರ್ಷದ ಒಬ್ಬ ಭಿಕ್ಷು ಜಪಾನಿನ ಸರಕು ಕೊಳ್ಳಲು ಬಂದ. ಅದು ಒಣ ಅಣಬೆಯೆಂದೇ ಪರಂಪರೆಯ ಅರ್ಥ. ಆತ ಅಶೋಕನ ಹೆಸರನ್ನೇ ಹೊತ್ತಿರುವ, ಚೀನೀಯರು ಆಯುವಾಂಗ್ ಎಂದು ಕರೆಯುವ ಬೆಟ್ಟದ ಮಠದ ಅಡುಗೆಯವನು. (ನಮ್ಮ ರಾಯಚೂರು ಜಿಲ್ಲೆಯ ಮಸ್ಕಿಯ ಶಾಸನದಲ್ಲಿ ಕಾಣುವ ಅದೇ ಅಶೋಕ. ಹೆಸರುಗಳು ಎಷ್ಟು ದೂರ ನಡೆಯುತ್ತವೆ!) ಮರುದಿನ ಹಬ್ಬ, ಭಿಕ್ಷುಗಳಿಗೆ ಶಾವಿಗೆಯ ಸಾರು ಮಾಡಬೇಕೆಂದು ದೂರದಿಂದ ನಡೆದು ಬಂದಿದ್ದ. ಈ ವಯಸ್ಸಿನಲ್ಲಿ ಧ್ಯಾನ, ಅಧ್ಯಯನ ಬಿಟ್ಟು ಅಡುಗೆಮನೆಯಲ್ಲಿ ಏಕೆ ದುಡಿಯುತ್ತೀರಿ ಎಂದು ತರುಣ ದೋಗೆನ್ ಕೇಳಿದಾಗ ಮುದುಕ ಗಟ್ಟಿಯಾಗಿ ನಕ್ಕು, ಸಾಧನೆ ಎಂದರೇನು, ಅಕ್ಷರ ಎಂದರೇನು ಎಂಬುದು ನಿನಗಿನ್ನೂ ತಿಳಿದಿಲ್ಲ ಎಂಬರ್ಥದ ಮಾತು ಹೇಳಿ ಹೊರಟುಹೋದ. ದೋಗೆನ್ ಅದನ್ನು ಮರೆಯದೆ ಬರೆದಿಟ್ಟರು. ಅಂದು ನನ್ನ ತರಗತಿಗೆ ಅಣಬೆಯ ಮಾತು ಹೊತ್ತು ಬಂದವನು ಒಬ್ಬ ಹುಡುಗ. ಅಕ್ಷರ ತಿಳಿಯದವಳು ನಾನು.

ಇರಲಿ. ಮಾತು ಕೊಟ್ಟಂತೆ ಸಾರಿನ ವಿಧಾನವನ್ನು ಹೇಳಿಬಿಡುತ್ತೇನೆ. ಇದು ನಾಲ್ವರಿಗೆ.

ಹಿಂದಿನ ರಾತ್ರಿ ಒಂದು ಲೀಟರ್ ತಣ್ಣೀರನ್ನು ಎರಡು ಪಾತ್ರೆಗಳಿಗೆ ಹಂಚಿ, ಒಂದರಲ್ಲಿ ಅಂಗೈಯಗಲದ, ಸುಮಾರು 10 ಗ್ರಾಂ ಕೊಂಬು, ಇನ್ನೊಂದರಲ್ಲಿ ನಾಲ್ಕು ಒಣ ಶಿಟಾಕೆ ನೆನೆಹಾಕಿ ತಂಪುಪೆಟ್ಟಿಗೆಯಲ್ಲಿಡಿ. ಇವೆರಡೂ ಈಗ ದೊಡ್ಡ ಊರುಗಳ ಅಂಗಡಿಗಳಲ್ಲಿ ಸಿಗುತ್ತವೆ, ಅಂಚೆಯಲ್ಲಿಯೂ ತರಿಸಬಹುದು. ಕೊಂಬಿನ ಮೇಲಿರುವ ಬಿಳಿಯ ಪುಡಿ ಬೂಷ್ಟಲ್ಲ, ಬಹುಪಾಲು ಮ್ಯಾನಿಟಾಲ್ ಎಂಬ ಸಿಹಿ ಪದಾರ್ಥ. ಅದನ್ನು ತೊಳೆಯಬೇಡಿ, ಒದ್ದೆ ಬಟ್ಟೆಯಿಂದ ಹಗುರವಾಗಿ ಒರೆಸಿದರೆ ಸಾಕು. ಮರುದಿನ ಕೊಂಬಿನ ನೀರನ್ನು ಸಣ್ಣ ಉರಿಯಲ್ಲಿಟ್ಟು, ತಳದಿಂದ ಸಣ್ಣ ಗುಳ್ಳೆಗಳು ಏಳುತ್ತಿದ್ದಂತೆಯೇ ಕೊಂಬನ್ನು ತೆಗೆದುಬಿಡಿ. ಅದು ಕುದಿದರೆ ಲೋಳೆಯೂ ಕಟುವಾಸನೆಯೂ ಬರುತ್ತದೆ. ಬಳಿಕ ಅಣಬೆಯ ನೀರನ್ನು ಸೋಸಿ ಇದಕ್ಕೆ ಬೆರೆಸಿ. ಇಲ್ಲಿ ಒಂದು ನಿಮಿಷ ನಿಲ್ಲಿ. ಮೂರು ಬಟ್ಟಲಿನ ಪ್ರಯೋಗವನ್ನು ಮನೆಯ ಮಕ್ಕಳಿಂದ ಮಾಡಿಸಿ, ಯಾವುದು ಹೇಗಿದೆಯೆಂದು ಅವರೇ ಹೇಳಲಿ.

ಒಂದು ಗೇಣಿನಷ್ಟು ಮೂಲಂಗಿ, ಒಂದು ಕ್ಯಾರೆಟ್, ನಾಲ್ಕು ಕೆಸುವಿನ ಗೆಡ್ಡೆ, ನೆನೆದ ಅಣಬೆ ಇವನ್ನು ಹೆಚ್ಚಿಕೊಳ್ಳಿ. ಜಪಾನೀಯರ ಸಾತೊಇಮೊ ನಮ್ಮ ಕೆಸುವಿನ ಗೆಡ್ಡೆಯೇ. ಅದನ್ನು ಮೊದಲು ಉಪ್ಪುನೀರಿನಲ್ಲಿ ಅರ್ಧ ಬೇಯಿಸಿ ಲೋಳೆ ತೊಳೆದುಕೊಳ್ಳಿ. ಅರೆಬೆಂದರೆ ಗಂಟಲು ತುರಿಸುತ್ತದೆಂದು ನಿಮಗೆ ಹೇಳಬೇಕಾಗಿಲ್ಲ. ಅಲ್ಲಿ ಇದಕ್ಕೆ ನಮ್ಮ ಸುವರ್ಣಗೆಡ್ಡೆಯ ಜಾತಿಯ ಗೆಡ್ಡೆಯಿಂದ ಮಾಡಿದ ಕೊನ್ಯಾಕು ಎಂಬುದನ್ನೂ, ಗೋಬೊ ಎಂಬ ಬೇರನ್ನೂ ಹಾಕುತ್ತಾರೆ. ಇಲ್ಲಿ ಸಿಗದಿದ್ದರೆ ಬಿಟ್ಟರೂ ನಡೆಯುತ್ತದೆ. ಒಂದು ದೊಡ್ಡ ಚಮಚ ಎಳ್ಳೆಣ್ಣೆಯಲ್ಲಿ ತರಕಾರಿಗಳನ್ನು ಎರಡು ಮೂರು ನಿಮಿಷ ಬಾಡಿಸಿ. ಅವರ ಎಳ್ಳೆಣ್ಣೆ ಹುರಿದ ಎಳ್ಳಿನದು, ಪರಿಮಳ ಹೆಚ್ಚು. ನಮ್ಮ ಗಾಣದ ಎಣ್ಣೆಯಾದರೆ ಕೊನೆಯಲ್ಲಿ ಸ್ವಲ್ಪ ಹುರಿದ ಎಳ್ಳನ್ನು ಉದುರಿಸಿ. ಬಾಡಿದ ತರಕಾರಿಗೆ ರಸವನ್ನು ಸುರಿದು ಹದಿನೈದು ಇಪ್ಪತ್ತು ನಿಮಿಷ ಮೆಲ್ಲಗೆ ಕುದಿಸಿ, ಮೇಲೇಳುವ ನೊರೆ ತೆಗೆಯಿರಿ. ಗೆಡ್ಡೆ ಮೆತ್ತಗಾದ ಮೇಲೆ 200 ಗ್ರಾಂ ತೋಫುವನ್ನು ಕೈಯಿಂದ ಮುರಿದು ಹಾಕಿ. ಎರಡು ದೊಡ್ಡ ಚಮಚ ಸೋಯಾ ಸಾಸ್ ಸೇರಿಸಿ ಇಳಿಸಿ. ರುಚಿ ನೋಡುವ ಮೊದಲು ಉಪ್ಪು ಹಾಕಬೇಡಿ, ಬಹುಶಃ ಬೇಕಾಗುವುದಿಲ್ಲ. ರಕ್ತದೊತ್ತಡವಿರುವವರು ಸೋಯಾ ಸಾಸನ್ನೂ ಅರ್ಧಕ್ಕೆ ಇಳಿಸಬಹುದು. ಕಡಲಪಾಚಿಯಲ್ಲಿ ಅಯೋಡಿನ್ ಬಹಳ. ಥೈರಾಯ್ಡ್ ತೊಂದರೆಯಿರುವವರು ವೈದ್ಯರನ್ನು ಕೇಳಿಯೇ ಬಳಸಿ.

ಇನ್ನು ಉಳಿದ ಮಾತು. 2020ರ ಜನವರಿಯಲ್ಲಿ ಆ ತಂಡದ ವಿದ್ಯಾರ್ಥಿಗಳು ಶಾಲೆಯಲ್ಲಿ ಗುರುವಂದನೆ ಏರ್ಪಡಿಸಿದ್ದರು. ಆ ಹುಡುಗನೂ ಬಂದಿದ್ದ. ಈಗ ಗಿಡಗಳ ನರ್ಸರಿ ನಡೆಸುತ್ತಾನೆ, ತಲೆ ಅರ್ಧ ನರೆತಿದೆ. ಶಾಲು ಹಾರಗಳೆಲ್ಲ ಮುಗಿದ ಮೇಲೆ ಅವನನ್ನು ವರಾಂಡಕ್ಕೆ ಕರೆದು, ಆ ದಿನದ ಪ್ರಶ್ನೆಯನ್ನೂ ನನ್ನ ಉತ್ತರವನ್ನೂ ನೆನಪಿಸಿ ಹೇಳಿದೆ: "ನಾಲ್ಕರಲ್ಲಿ ಯಾವುದೂ ಅಲ್ಲ ಕಣಪ್ಪ, ಅದು ಐದನೆಯದು. ನೀನು ಕೇಳಿದ್ದು ಸರಿಯಾಗಿತ್ತು, ನಾನು ಹೇಳಿದ್ದು ತಪ್ಪು."

ಅವನು ನಕ್ಕುಬಿಟ್ಟ. "ನನಗೆ ಆ ಪ್ರಶ್ನೆಯೇ ನೆನಪಿಲ್ಲ ಮೇಡಂ," ಎಂದ. ನನ್ನ ಎದೆ ಹಗುರಾಯಿತು. ಆದರೆ ಅವನು ಸ್ವಲ್ಪ ಹೊತ್ತು ಅಂಗಳವನ್ನು ನೋಡುತ್ತಾ ನಿಂತು, "ಎಂಟನೇ ಕ್ಲಾಸಿನಿಂದ ನಾನು ಬುತ್ತಿಗೆ ಮುಚ್ಚಳ ಅಡ್ಡ ಹಿಡಿದುಕೊಂಡು ಉಣ್ಣುತ್ತಿದ್ದೆ. ಯಾಕೆ ಅಂತ ಮರೆತೇ ಹೋಗಿತ್ತು," ಎಂದ.

ನಾನು ಏನು ಹೇಳಲಿ? ಕ್ಷಮಿಸು ಎಂದೆ. ಅವನು ಕಾಲು ಮುಟ್ಟಲು ಬಾಗಿದ, ನಾನು ತಡೆದೆ.

ಆ ವರ್ಷದ ಮಳೆಗಾಲ ಎಲ್ಲರ ಮುಖಕ್ಕೂ ಮುಸುಕು ಕಟ್ಟಿದ ಕಾಲ. ಜೂನ್ ಕೊನೆಯ ಒಂದು ಬೆಳಿಗ್ಗೆ ಗೇಟಿನ ಬಳಿ ಮೋಟಾರು ಬೈಕು ನಿಂತಿತು. ಅವನು ಒಳಗೆ ಬರಲಿಲ್ಲ. ಸಾಗುವಾನಿ ಎಲೆಯಲ್ಲಿ ಕಟ್ಟಿದ ಒಂದು ಪೊಟ್ಟಣವನ್ನು ಕಂಬದ ಮೇಲಿಟ್ಟು, ದೂರದಿಂದಲೇ ಕೈಮುಗಿದು ಹೋದ. ಹುತ್ತದ ಅಣಬೆ. ಅವನ ಹೆಂಡತಿ ಫೋನಿನಲ್ಲಿ ಹೇಳಿಕೊಟ್ಟಂತೆ ಅರಿಸಿನದ ನೀರಿನಲ್ಲಿ ತೊಳೆದು, ಕಾಯಿ ಅರೆದು ಹಾಕಿ ಸಾರು ಮಾಡಿದೆ. ಅರವತ್ತು ವರ್ಷ ಅಣಬೆ ಕಾಣದ ವಂಶದ ಪಾತ್ರೆಯಲ್ಲಿ ಅದು ಕುದಿಯಿತು. (ಗುರುತು ತಿಳಿಯದವರು ಕಾಡಿನ ಅಣಬೆಯನ್ನು ಎಂದೂ ಕೀಳಬಾರದು. ವಿಷದವೂ ಬೇಕಾದಷ್ಟಿವೆ.)

ಮೊದಲ ತುತ್ತಿನಲ್ಲಿಯೇ ಗುರುತು ಹತ್ತಿತು. ಯೊಕೊಹಾಮಾದ ಮೂರನೆಯ ಬಟ್ಟಲು. ಹುಡುಗ ಅಂದು ಕೇಳಿದ್ದು ಇದನ್ನೇ. ಅದು ನಾನು ಪಾಠ ಮಾಡುತ್ತಿದ್ದ ಶಾಲೆಯಿಂದ ಎರಡು ಮೈಲಿ ದೂರದ ಮನೆಯಲ್ಲಿ ಪ್ರತಿ ಮಳೆಗಾಲವೂ ಕುದಿಯುತ್ತಿತ್ತು. ಅದನ್ನು ತಿಳಿಯಲು ನಾನು ಜಪಾನಿಗೆ ಹೋಗಬೇಕಾಯಿತು.

ನಿಮ್ಮಲ್ಲಿ ಎಷ್ಟೋ ಮಂದಿ ಈಗ ಮೇಷ್ಟರು, ಟೀಚರುಗಳಾಗಿದ್ದೀರಿ. ಉಳಿದವರು ತಾಯಿ ತಂದೆಯರು. ನಿಮಗೆ ಉಪದೇಶ ಮಾಡುವ ಹಕ್ಕು ಈ ವಿಷಯದಲ್ಲಿ ನನಗಿಲ್ಲ. ಸಾರು ಮಾಡಿ ನೋಡಿ. ಮಳೆ ನಿಲ್ಲುವುದರೊಳಗೆ ಈ ಕಡೆ ಬಂದರೆ ಒಂದು ಬಟ್ಟಲು ನಿಮಗಾಗಿ ಇರುತ್ತದೆ. ಹಾಗೆಯೇ, ನನ್ನ ತರಗತಿಯಲ್ಲಿ ಉತ್ತರ ಸಿಗದೆ ಕುಳಿತ ಪ್ರಶ್ನೆ ನಿಮ್ಮ ಬಳಿ ಯಾವುದಾದರೂ ಉಳಿದಿದ್ದರೆ ಅದನ್ನೂ ತನ್ನಿ.